ಸ್ಪ್ರಿಂಗ್ ಟೀಚರಮ್ಮ ನೆಲಕ್ಕಿಳಿದದ್ದು

ಆ ಮನೆಯಲ್ಲಿ ಮನುಷ್ಯರನ್ನ ಮಂಚಕ್ಕೆ ಕಟ್ಟಿ ಎಳೀತಾರಂತೆ ಅಂತ ಅಕ್ಕಪಕ್ಕದವರು ಹೇಳಿಕೊಂಡು ತಿರುಗುತ್ತಿದ್ದರು. ಕುಳ್ಳಗಿದ್ದವರನ್ನ ಎಳೆದೆಳೆದು ಉದ್ದ ಮಾಡಿ ಕಳಿಸ್ತಾರಂತೆ. ಮಹಡಿ ಮೇಲಿನ ಅಜ್ಜಿ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಅವಳ ಪ್ರಕಾರ ಅದು ಮಂಚವೂ ಅಲ್ಲ ಗಿಂಚವೂ ಅಲ್ಲ, ಕಳ್ಳ ಪ್ರೆಸ್ಸು. ಬೆಳಗಾದರೆ ಸಾಕು, ಕೆಳಗೆ ಏನೋ ಒಂದು ಗರ್ರ್ ಅಂತ ಹಿಂದಕ್ಕೆ ಹೋಗುತ್ತದೆ, ಟಕ್ ಅಂತ ಮುಂದಕ್ಕೆ ಬರುತ್ತದೆ, ಅಚ್ಚು ಹಾಕದೆ ಇನ್ನೇನು ಮಾಡುತ್ತಾರೆ? ಏನು ಅಚ್ಚು ಹಾಕ್ತಾರಜ್ಜಿ ಅಂತ ಕೇಳಿದರೆ, ಬಾಗಿಲು ಹಾಕ್ಕೊಂಡು ಅಚ್ಚು ಹಾಕೋದು ಏನಿರುತ್ತೆ ನೀನೇ ಯೋಚನೆ ಮಾಡು ಅನ್ನುತ್ತಿದ್ದಳು.

ಎದುರು ಸಾಲಿನ ಗಡಿಯಾರ ರಿಪೇರಿಯವನು ಒಂದು ದಿನ ಮಗಳನ್ನು ಕರೆದುಕೊಂಡು, ಬೀದಿಯವರು ಸ್ಪ್ರಿಂಗ್ ಟೀಚರಮ್ಮ ಅನ್ನುತ್ತಿದ್ದ ಆ ಮನೆಯಾಕೆಯ ಹತ್ತಿರ ಬಂದೇಬಿಟ್ಟ. ಹುಡುಗಿಗೆ ಪೊಲೀಸ್ ಕೆಲಸಕ್ಕೆ ಎರಡು ಬೆರಳು ಎತ್ತರ ಸಾಲದಾಗಿತ್ತು. ಎರಡೇ ಬೆರಳು ಟೀಚರಮ್ಮ, ಜಾಸ್ತಿ ಎಳೀಬೇಡಿ, ಆಮೇಲೆ ಗಂಡು ಹುಡುಕೋದು ನನಗೇ ಕಷ್ಟ ಅಂತ ಬಾಗಿಲಲ್ಲೇ ನಿಂತು ಹೇಳಿದ. ಟೀಚರಮ್ಮ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ಮುಂದಕ್ಕೆ ಜೋತುಬಿದ್ದಿದ್ದ ಹೆಗಲನ್ನು ಹಿಂದಕ್ಕೆ ತಂದು, ಕತ್ತನ್ನು ಮೇಲಕ್ಕೆ ಬಿಡಿಸಿದಳು. ಹುಡುಗಿ ಅಪ್ಪನ ಕಣ್ಣೆದುರೇ ಒಂದು ಬೆರಳು ಬೆಳೆದಳು. "ಒಂದು ಬೆರಳು ನನ್ನ ಕೈಲಾಗಿದ್ದು. ಇನ್ನೊಂದನ್ನ ನೀವು ಹುಟ್ಟಿಸುವಾಗಲೇ ಯೋಚನೆ ಮಾಡಬೇಕಿತ್ತು," ಅಂದಳು ಟೀಚರಮ್ಮ. ಆವತ್ತಿನಿಂದ ಬೀದಿಗೆಲ್ಲ ಅವಳ ಬಾಯಿಯ ಮೇಲೆ ಒಂಥರಾ ಗೌರವ.

ಅವಳು ಹುಟ್ಟಾ ಟೀಚರೇನೂ ಅಲ್ಲ. ಮೊದಲು ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಮಿಷಿನ್ ತುಳಿಯುತ್ತಿದ್ದವಳು. ಬಗ್ಗಿ ಬಗ್ಗಿ ತುಳಿದು ಒಂದು ದಿನ ಸೊಂಟ ಹಿಡಿದುಕೊಂಡಿತು ನೋಡಿ, ಕೂತವಳು ಕೂತ ಹಾಗೇ ಉಳಿದಳು. ಕುರ್ಚಿ ಸಮೇತ ಎತ್ತಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಒಂದು ಕಾಲದಲ್ಲಿ ಕುಣಿಯುತ್ತಿದ್ದ ಒಬ್ಬ ಮುದುಕಿ ಪಿಲಾಟೀಸ್ ಅನ್ನುವ ಕಸರತ್ತು ಹೇಳಿಕೊಡುತ್ತಿದ್ದಳು. ಅವಳ ಹತ್ತಿರ ಒಂದು ಯಂತ್ರ. ನೋಡಿದರೆ ಮಂಚದ ಚೌಕಟ್ಟು. ಒಳಗೆ ಚಕ್ರದ ಮೇಲೆ ಹಿಂದೆ ಮುಂದೆ ಓಡಾಡುವ ಒಂದು ಹಲಗೆ, ಹಲಗೆಗೆ ಮೆತ್ತೆ. ತುದಿಯಲ್ಲಿ ಕಾಲು ಕೊಡುವುದಕ್ಕೆ ಅಡ್ಡ ಸರಳು, ತಲೆಯ ಕಡೆ ಕೈಕಾಲು ತೂರಿಸುವ ಪಟ್ಟಿಗಳು, ಹಲಗೆಯ ಕೆಳಗೆ ಕೆಂಪು, ನೀಲಿ, ಹಳದಿ ಸ್ಪ್ರಿಂಗುಗಳು. ಕೆಂಪು ಗಟ್ಟಿ, ನೀಲಿ ಮಧ್ಯಮ, ಹಳದಿ ತೆಳು. ಮಲಗಿ, ಸರಳಿಗೆ ಪಾದ ಕೊಟ್ಟು ಒತ್ತಿದರೆ ಹಲಗೆ ನಿಮ್ಮನ್ನು ಹೊತ್ತುಕೊಂಡೇ ಹಿಂದಕ್ಕೆ ಹೋಗುತ್ತದೆ. ಯಾವ ಸ್ಪ್ರಿಂಗ್ ಕೊಕ್ಕೆಗೆ ಸಿಕ್ಕಿಸಿದ್ದೀರೋ ಅಷ್ಟು ಭಾರ.

ಮುದುಕಿ ಮೊದಲ ದಿನ ಅವಳ ಎರಡೂ ಕಾಲನ್ನು ಪಟ್ಟಿಗೆ ತೂರಿಸಿ, ಬಿಡಮ್ಮ, ಕಾಲನ್ನ ಅದು ಹೊರುತ್ತೆ, ನೀನು ಹೊರಬೇಡ ಅಂದಳಂತೆ. ಎಷ್ಟೋ ತಿಂಗಳಿಂದ ಹಲ್ಲು ಕಚ್ಚಿಕೊಂಡಿದ್ದ ಸೊಂಟ ಆ ಒಂದು ಮಾತಿಗೆ ಸಡಿಲವಾಯಿತು. ಟೀಚರಮ್ಮ ಮಲಗಿದಲ್ಲೇ ಅತ್ತಳು. ಎದುರು ನಿಲ್ಲುವ ಸ್ಪ್ರಿಂಗೇ ಕೈ ಹಿಡಿದು ನಡೆಸಲೂ ಬಲ್ಲದು ಅನ್ನುವುದು ಅವಳಿಗೆ ಅಲ್ಲಿ ಗೊತ್ತಾದದ್ದು. ವಾಸಿಯಾದ ಮೇಲೂ ಹೋದಳು, ಕಲಿತಳು, ಕೈಕೆಳಗೆ ಕೆಲಸ ಮಾಡಿದಳು. ಮುದುಕಿಗೆ ಕೈ ನಡುಗುವುದಕ್ಕೆ ಶುರುವಾದಾಗ ಯಂತ್ರ ಇವಳ ಮನೆಗೆ ಬಂತು. ಸಿಟಿ ಬಸ್ಸಿನ ಡ್ರೈವರಾಗಿದ್ದ ಗಂಡ ಡಿಪೋದ ಗೆಳೆಯರನ್ನು ಕರೆತಂದು, ಬಾಗಿಲ ಚೌಕಟ್ಟು ಕಳಚಿ, ಅದನ್ನು ಮುಂದಿನ ಕೋಣೆಗೆ ಸೇರಿಸಿದ. ನಿನಗೂ ಒಂದು ಗಾಡಿ ಬಂತು ಬಿಡು, ನನ್ನದಾದರೂ ಊರೆಲ್ಲ ಸುತ್ತುತ್ತೆ, ನಿನ್ನದು ಇದ್ದಲ್ಲೇ ಓಡುತ್ತೆ ಅಂತ ರೇಗಿಸಿದ.

ಇನ್ನು ನಾದಿನಿಯ ವಿಷಯ. ಗಂಡನ ತಂಗಿ, ಶಾಲೆಯಲ್ಲಿ ಡ್ರಿಲ್ ಹೇಳಿಕೊಡುವ ಕೆಲಸ, ಸುಮ್ಮನೆ ಕೂತು ಗೊತ್ತಿಲ್ಲದ ಮೈ. ಅತ್ತಿಗೆಯ ಹತ್ತಿರವೇ ಅವಳು ಯಂತ್ರ ಕಲಿತದ್ದು. ಒಂದು ಬೆಳಿಗ್ಗೆ ಅತ್ತಿಗೆಗೆ ಜ್ವರ ಅಂತ ತಾನೇ ಪಾಠಕ್ಕೆ ನಿಂತಳು. ಬ್ಯಾಂಕಿನಲ್ಲಿ ಆಫೀಸರಾಗಿದ್ದ ಒಬ್ಬ ಹೆಂಗಸು ಬಂದಿದ್ದರು. ಸರಳಿಗೆ ಅಂಗೈ ಕೊಟ್ಟು, ಪಾದವನ್ನು ಹಲಗೆಯ ಮೇಲಿಟ್ಟು, ಮೈಯನ್ನು ಕೋಲಿನ ಥರ ನೇರ ಹಿಡಿಯುವ ಕಸರತ್ತು. ಪಾಪ ಹೊಸಬರು, ಹಗುರವಾಗಲಿ ಅಂತ ನಾದಿನಿ ಕೆಂಪು ಸ್ಪ್ರಿಂಗ್ ಬಿಚ್ಚಿ ಹಳದಿಯೊಂದನ್ನೇ ಉಳಿಸಿದಳು. ಅಲ್ಲೇ ಎಡವಟ್ಟಾದದ್ದು. ಮಲಗಿ ಒತ್ತುವಾಗ ಸ್ಪ್ರಿಂಗ್ ಕಡಿಮೆಯಾದರೆ ಹಗುರ, ಹೀಗೆ ಕೈಮೇಲೆ ನಿಂತಾಗ ಕಡಿಮೆಯಾದಷ್ಟೂ ಕಷ್ಟ, ಹಲಗೆ ಓಡದಂತೆ ಹಿಡಿದುಕೊಳ್ಳುವುದಕ್ಕೆ ಯಾರೂ ಇರುವುದಿಲ್ಲವಲ್ಲ. ಹಲಗೆ ಸರ್ರನೆ ಹಿಂದಕ್ಕೆ ಹೋಯಿತು. ಆಫೀಸರಮ್ಮ ಮುಖ ಅಡಿಯಾಗಿ ಬಿದ್ದರು, ತುಟಿ ಊದಿ ಬೋಂಡವಾಯಿತು, ಒಂದು ವಾರ ಬ್ಯಾಂಕಿಗೆ ಕರವಸ್ತ್ರ ಮುಚ್ಚಿಕೊಂಡು ಹೋದರು.

ಅತ್ತಿಗೆ ಜ್ವರದಲ್ಲೇ ಎದ್ದು ಬಂದು ನಾಲ್ಕು ಜನರ ಮುಂದೆ ಬೈದಳು. ಎರಡು ಮಾತು ಹೆಚ್ಚೇ ಬೈದಳು ಅನ್ನಿ. ನಾದಿನಿ ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ಮಾರನೆಯ ವಾರದಿಂದ ಎರಡು ಬೀದಿ ಆಚೆಯ ಸಾರ್ವಜನಿಕ ಹಾಲಿನಲ್ಲಿ ಚಾಪೆ ಹಾಸಿ ತನ್ನದೇ ಪಾಠ ಶುರು ಮಾಡಿದಳು. ಯಂತ್ರ ಇಲ್ಲ, ಸ್ಪ್ರಿಂಗ್ ಇಲ್ಲ, ಮೈ ಒಂದೇ. ಬೀದಿಯವರು ಕೂಡಲೇ ಅವಳಿಗೂ ಒಂದು ಹೆಸರಿಟ್ಟರು, ಚಾಪೆ ಟೀಚರ್.

ಹೀಗೆ ಒಂದೇ ಮನೆತನದಲ್ಲಿ ಎರಡು ಪಕ್ಷವಾಯಿತು. ಮಾತು ಬಿಟ್ಟಿರಲಿಲ್ಲ, ಮಾತೇ ಜಾಸ್ತಿಯಾಗಿತ್ತು. ಭಾನುವಾರ ಅಣ್ಣನ ಮನೆಗೆ ಟೀ ಕುಡಿಯಲು ಬಂದ ನಾದಿನಿ ಯಂತ್ರದ ಮೇಲೆ ಒಂದು ಕಣ್ಣು ಹಾಯಿಸಿ, ಅತ್ತಿಗೆ, ನಿಮ್ಮ ಸ್ಪ್ರಿಂಗ್ ಎಲ್ಲ ಕೆಲಸ ಮಾಡುತ್ತೆ, ಮೇಲೆ ಮಲಗಿರೋರು ಬರೀ ಸವಾರಿ ಮಾಡ್ತಾರೆ ಅನ್ನುವಳು. ಮನೆಗೆ ಹೋದಾಗ ಅವರಿಗೆ ಸ್ಪ್ರಿಂಗ್ ಯಾರು ಕಟ್ಟುತ್ತಾರೆ? ಮೈ ಅಂದರೆ ಎಲ್ಲಿ ಹೋದರೂ ಜೊತೆಗೆ ಬರುವ ಭಾರ, ಅದನ್ನೇ ಎತ್ತೋದು ಕಲಿಯದೆ ಕಬ್ಬಿಣ ತಳ್ಳಿ ಏನು ಬಂತು? ಟೀಚರಮ್ಮ ಟೀ ಲೋಟ ಕುಕ್ಕಿ, ನಿನ್ನ ಚಾಪೆ ಗಟ್ಟಿಮುಟ್ಟಾಗಿರೋರಿಗೆ ಕಣೆ ಅನ್ನುವಳು. ಬೆನ್ನ ಮೇಲೆ ಮಲಗಿ ಎರಡು ಕಾಲೂ ಎತ್ತು ಅಂತೀಯ, ಎತ್ತೋಕಾಗದೆ ಕತ್ತು ಬಿಗಿ ಹಿಡೀತಾರೆ, ಹೊಟ್ಟೆ ಉಬ್ಬಿಸ್ತಾರೆ, ಸೊಂಟ ನೋಯಿಸಿಕೊಂಡು ನನ್ನ ಬಾಗಿಲಿಗೇ ಬರ್ತಾರೆ. ಬಲ ಇಲ್ಲದವರು ಬಲ ಎಲ್ಲಿಂದ ತರಬೇಕು, ಅಂಗಡಿಯಿಂದಲಾ? ಡ್ರೈವರು ಇಬ್ಬರ ನಡುವೆ ಕೂತು ಟೀ ಹೀರುತ್ತ, ನನಗೆ ಎರಡೂ ಬೇಡಮ್ಮ, ನನಗೆ ಸೀಟಿದೆ ಅನ್ನುವನು.

ಆ ಸೀಟೇ ಅವನನ್ನು ಬೀಳಿಸಿತು ಅನ್ನಬೇಕು. ನಿವೃತ್ತಿಗೆ ಸ್ವಲ್ಪ ದಿನ ಇರುವಾಗ, ಡಿಪೋದಲ್ಲಿ ಬಸ್ ನಿಲ್ಲಿಸಿ ಇಳಿಯುವಾಗ ಕಾಲು ಮರಗಟ್ಟಿತ್ತು, ಮೆಟ್ಟಿಲು ತಪ್ಪಿತು. ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲೇ ಮುರಿಯಿತು. ಆಪರೇಷನ್ ಆಯಿತು, ರಾಡು ಹಾಕಿದರು. ಎಂಟೂವರೆ ಅಡಿ ಅಗಲದ ಬಸ್ಸನ್ನು ಬೆರಳ ತುದಿಯಲ್ಲಿ ಸಂದಿಗೊಂದಿಗೆ ನುಗ್ಗಿಸುತ್ತಿದ್ದ ಮನುಷ್ಯ ವಾಕರ್ ಹಿಡಿದು ಅಡುಗೆಮನೆಯ ಬಾಗಿಲು ದಾಟಲು ಬೆವರುತ್ತಿದ್ದ.

ಡಾಕ್ಟರು ಕಸರತ್ತು ಶುರು ಮಾಡಬಹುದು ಅಂದ ದಿನವೇ ಟೀಚರಮ್ಮ ಗಂಡನನ್ನು ಯಂತ್ರದ ಮೇಲೆ ಮಲಗಿಸಿದಳು. ಬರೀ ಹಳದಿ ಸ್ಪ್ರಿಂಗ್. ಪಾದ ಸರಳಿಗೆ, ಅವಳ ಕೈ ಅವನ ಮಂಡಿಯ ಕೆಳಗೆ. ಹಲಗೆ ನಾಲ್ಕು ಬೆರಳು ಸರಿಯಿತು. ಅವನು ಕಣ್ಣು ಮುಚ್ಚಿಕೊಂಡು, ಫಸ್ಟ್ ಗೇರ್ ಬಿತ್ತು ಅಂದ. ಆಮೇಲೆ ಅದೇ ಅವರ ಮನೆಯ ಭಾಷೆಯಾಯಿತು. ನೀಲಿ ಸೇರಿದ ದಿನ ಸೆಕೆಂಡ್. ಕೆಂಪು ಸೇರಿದ ದಿನ ಥರ್ಡ್. ಕಾಲನ್ನು ಪಟ್ಟಿಗೆ ಹಾಕಿ ದೊಡ್ಡ ದೊಡ್ಡ ಸುತ್ತು ತಿರುಗಿಸಿದ ದಿನ, ಸ್ಟೇರಿಂಗ್ ಪೂರ್ತಿ ತಿರುಗ್ತು ನೋಡು ಅಂತ ಮಹಡಿಗೆಲ್ಲ ಕೇಳುವ ಹಾಗೆ ಕೂಗಿದ. ವಾಕರ್ ಹೋಗಿ ಕೋಲು ಬಂತು, ಕೋಲು ಮೂಲೆ ಸೇರಿತು. ಎಲ್ಲ ಸ್ಪ್ರಿಂಗನ್ನೂ ಒಟ್ಟಿಗೆ ಒತ್ತುವುದು ಬಂದಾಗ ಬೀದಿಯಲ್ಲಿ ಸಿಕ್ಕವರಿಗೆಲ್ಲ ಟಾಪ್ ಗೇರಲ್ಲಿದ್ದೀನಿ ಅಂತ ಹೇಳಿಕೊಂಡು ಓಡಾಡಿದ. ಟೀಚರಮ್ಮನಿಗೆ ಎದೆಯುಬ್ಬಿತು. ನಾದಿನಿ ಬಂದಾಗ ಗಂಡನನ್ನು ಮಲಗಿಸಿ ಎಲ್ಲ ಸ್ಪ್ರಿಂಗ್ ಕೊಕ್ಕೆಗೆ ಸಿಕ್ಕಿಸಿ ತೋರಿಸಿದಳು. ನಾದಿನಿ ನೋಡಿದಳು, ಚೆನ್ನಾಗಿದೆ ಅತ್ತಿಗೆ ಅಂದಳು. ಆಮೇಲೆ ಏನೋ ಹೇಳುವುದಕ್ಕೆ ಬಾಯಿ ತೆರೆದವಳು ಟೀ ಕುಡಿದು ಎದ್ದು ಹೋದಳು.

ಒಂದು ಮಧ್ಯಾಹ್ನ ಟೀಚರಮ್ಮ ಹಾಸಿಗೆ ಹಿಡಿದಿದ್ದ ಒಬ್ಬರಿಗೆ ಉಸಿರಾಟ ಹೇಳಿಕೊಡಲು ಅವರ ಮನೆಗೆ ಹೋಗಿದ್ದಳು. ಡ್ರೈವರು ಒಬ್ಬನೇ. ಹಲಗೆಯ ಒಂದು ಚಕ್ರ ಕಿರುಗುಟ್ಟುತ್ತಿತ್ತು, ಹೆಂಡತಿ ಬರುವಷ್ಟರಲ್ಲಿ ಎಣ್ಣೆ ಬಿಡೋಣ ಅಂತ ಅವನಿಗೆ ಮನಸ್ಸಾಯಿತು. ಚಕ್ರ ಕಾಣಬೇಕಾದರೆ ನೆಲಕ್ಕೆ ಕೂರಬೇಕು. ಸರಳು ಹಿಡಿದುಕೊಂಡು ಹೇಗೋ ಇಳಿದ. ಸ್ಪ್ರಿಂಗ್ ಬಿಚ್ಚಿ, ಚಕ್ರಕ್ಕೆಲ್ಲ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿದ. ಕೆಲಸ ಚೊಕ್ಕವಾಗಿ ಮುಗಿಯಿತು. ಒರೆಸುತ್ತ ಒರೆಸುತ್ತ ಸರಳಿನಿಂದ ದೂರ ಸರಿದಿದ್ದ, ಏಳೋಣ ಅಂತ ಹಲಗೆಯ ಅಂಚಿಗೆ ಕೈಯೂರಿದ. ಸ್ಪ್ರಿಂಗ್ ಇಲ್ಲದ ಹಲಗೆ, ಈಗಷ್ಟೇ ಎಣ್ಣೆ ಕುಡಿದ ಚಕ್ರ, ಸರ್ರನೆ ಓಡಿತು. ಅವನು ಪಕ್ಕಕ್ಕೆ ವಾಲಿದ. ಮತ್ತೆ ಎಳೆದುಕೊಂಡ, ಮತ್ತೆ ಓಡಿತು. ಮಂಡಿಯೂರಲು ನೋಡಿದ, ಮುರಿದ ಕಡೆಯ ಕಾಲು ಯಾವ ದಿಕ್ಕಿಗೆ ಮಡಚಬೇಕು ಅನ್ನುವುದನ್ನೇ ಮರೆತು ಬಿಟ್ಟಿತ್ತು. ಎಲ್ಲ ಸ್ಪ್ರಿಂಗನ್ನೂ ಒತ್ತುವ ಕಾಲು, ಆದರೆ ತನ್ನ ಮೈಯನ್ನೇ ಅರ್ಧ ಅಡಿ ಎತ್ತಲು ಅದರಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಾಠಕ್ಕೆ ಬರುವ ಆಫೀಸರಮ್ಮ, ತುಟಿ ಊದಿದವರೇ. ಟೀಚರಮ್ಮಾ, ಡ್ರೈವರೇ, ಯಾರಿದ್ದೀರಿ ಅಂತ ಕೂಗಿದರು. ಒಂದು ಮಾತು ಅಂದಿದ್ದರೆ ನಾಲ್ಕು ಜನ ಸೇರಿ ಎತ್ತುತ್ತಿದ್ದರು. ಡ್ರೈವರು ಉಸಿರು ಬಿಗಿ ಹಿಡಿದು ಬಿದ್ದುಕೊಂಡ. ಅವರು ಹೋಗುವ ಚಪ್ಪಲಿ ಸದ್ದು ಕೇಳಿಸುವವರೆಗೂ ಕಣ್ಣು ರೆಪ್ಪೆ ಆಡಿಸಲಿಲ್ಲ.

ಟೀಚರಮ್ಮ ಬಾಗಿಲು ತೆಗೆದಾಗ ಹೊತ್ತು ಇಳಿದಿತ್ತು. ಗಂಡ ಯಂತ್ರದ ಪಕ್ಕ, ಎಣ್ಣೆ ಬಟ್ಟೆ ತಲೆದಿಂಬು ಮಾಡಿಕೊಂಡು ಮಲಗಿದ್ದಾನೆ. ಅವಳು ಚಪ್ಪಲಿಯಲ್ಲೇ ಒಳಗೆ ಓಡಿದಳು. ಅವನು ಸೂರು ನೋಡುತ್ತ, ಸುಮ್ನೆ ಮಲಗಿದ್ದೆ ಕಣೆ, ನೆಲ ತಣ್ಣಗಿದೆ ಅಂದ. ಅವಳೊಬ್ಬಳ ಕೈಯಲ್ಲಿ ಎತ್ತಲಾಗಲಿಲ್ಲ. ನಾದಿನಿಗೆ ಫೋನು ಮಾಡಬೇಕಾಯಿತು. ಬಂದವಳು ಅಣ್ಣನ ಕಂಕುಳಿಗೆ ಕೈ ಕೊಟ್ಟು ಅತ್ತಿಗೆಯ ಜೊತೆ ಸೇರಿ ಕುರ್ಚಿಗೆ ಕೂರಿಸಿದಳು. ಟೀಚರಮ್ಮ ಮುಖ ಗಟ್ಟಿ ಮಾಡಿಕೊಂಡು ನಿಂತಿದ್ದಳು, ಈಗ ಬರುತ್ತೆ ಕುಟುಕು ಮಾತು, ಬರಲಿ ಅಂತ. ಬರಲಿಲ್ಲ. ಅದು ಬಂದಿದ್ದರೇ ಮೇಲಾಗಿತ್ತು.

ಅಣ್ಣ ಮುಖ ತೊಳೆಯಲು ಹೋದಾಗ ನಾದಿನಿ ಮೆಲ್ಲಗೆ ಕೇಳಿದಳು: "ಅತ್ತಿಗೆ, ಬಿದ್ದಾಗಿನಿಂದ ಅಣ್ಣನ್ನ ಒಂದು ಸಲನಾದ್ರೂ ನೆಲಕ್ಕೆ ಕೂರಿಸಿದ್ದೀರಾ?"

ಟೀಚರಮ್ಮ ಎಣ್ಣೆ ಬಟ್ಟೆ ಎತ್ತಿ ಮಡಚತೊಡಗಿದಳು. ಕೂರಿಸಿರಲಿಲ್ಲ. ಮೂಳೆ ಪೂರ್ತಿ ಕೂಡಿದೆ, ನೆಲಕ್ಕೂ ಕೂರಬಹುದು ಅಂತ ಡಾಕ್ಟರು ಯಾವತ್ತೋ ಹೇಳಿದ್ದರು. ಅವನೂ ಕೇಳಿಸಿಕೊಂಡಿದ್ದ, ಇವಳೂ ಕೇಳಿಸಿಕೊಂಡಿದ್ದಳು, ಇಬ್ಬರೂ ಆ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದರು. ಆಮೇಲೆ ಅವನ ಬದುಕೆಲ್ಲ ಮಂಚದ ಎತ್ತರದಲ್ಲೇ ನಡೆದಿತ್ತು. ಮಂಚದಿಂದ ಕುರ್ಚಿ, ಕುರ್ಚಿಯಿಂದ ಯಂತ್ರ. ಯಂತ್ರದ ಮೇಲೆ ಮಲಗಿದಾಗ ಅವನ ಬೆನ್ನಿಗೆ ಮೆತ್ತೆ, ಹೆಗಲಿಗೆ ತಡೆ, ಮೈಯ ಭಾರ ಹಲಗೆಯದು. ಕಾಲು ತಳ್ಳುತ್ತಿತ್ತು, ನಿಜ. ನಿಲ್ಲುವುದು, ವಾಲುವುದು, ವಾಲಿದರೆ ಸರಿಹೋಗುವುದು, ಇದ್ಯಾವುದನ್ನೂ ಯಾರೂ ಆ ಕಾಲಿನಿಂದ ಕೇಳಿರಲಿಲ್ಲ. ಬಲ ಬಂದಿತ್ತು, ಮಲಗಿಕೊಂಡೇ ಬಂದಿತ್ತು.

ಅವಳು ಯೋಚಿಸುತ್ತ ಹೋದಂತೆ ಇನ್ನೊಂದೂ ಕಂಡಿತು. ಯಂತ್ರದ ಪಕ್ಕ ನಿಂತಾಗ ಅವಳ ಕೈಗೆ ಕೆಲಸವಿರುತ್ತಿತ್ತು. ಅವನ ಮುಖ ಕಿವುಚಿಕೊಂಡ ತಕ್ಷಣ ಒಂದು ಕೊಕ್ಕೆ ಬಿಚ್ಚಿದರೆ ನೋವು ಅಷ್ಟಕ್ಕೇ ಇಳಿಯುತ್ತಿತ್ತು. ನೆಲದ ಮೇಲೆ ಬಿಚ್ಚುವುದಕ್ಕೆ ಏನಿದೆ? ಕೈ ಕಟ್ಟಿಕೊಂಡು ನೋಡುತ್ತ ನಿಲ್ಲಬೇಕು. ಅವಳು ಹೆದರಿದ್ದು ಅವನು ಬೀಳುತ್ತಾನೆ ಅಂತಲೋ, ತಾನು ನೋಡಲಾರೆ ಅಂತಲೋ?

ಗಾಯದ ಮೇಲೆ ಬರೆ ಅನ್ನುವ ಹಾಗೆ ಅದೇ ತಿಂಗಳು ಮನೆ ಓನರ್ ಬಂದರು. ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ, ಖಾಲಿ ಮಾಡಬೇಕು. ಟೀಚರಮ್ಮ ಮನೆ ಹುಡುಕಲು ಹೊರಟಳು. ಕೈಯಲ್ಲಿ ಹೊಲಿಗೆಯ ಟೇಪು. ಒಂದು ಮನೆಗೆ ಬಿಸಿಲು ಚೆನ್ನಾಗಿತ್ತು, ಮುಂದಿನ ಕೋಣೆ ಗೇಣುದ್ದ ಕಮ್ಮಿ. ಇನ್ನೊಂದರ ಬಾಗಿಲು ಅಗಲವಿರಲಿಲ್ಲ. ಮತ್ತೊಂದರಲ್ಲಿ ಎಲ್ಲ ಸರಿ, ಆದರೆ ಮಹಡಿ. ಮೆಟ್ಟಿಲಿನ ತಿರುವಿನಲ್ಲಿ ಯಂತ್ರ ತಿರುಗುವುದಿಲ್ಲ. ನಾದಿನಿ ಇದ್ದ ಕಟ್ಟಡದಲ್ಲೇ ಮೇಲೊಂದು ಮನೆ ಖಾಲಿ ಇತ್ತು, ಎರಡು ಕೋಣೆ, ಗಾಳಿ ಬೆಳಕು, ಬಾಡಿಗೆಯೂ ಹಿಡಿಸುವಂಥದ್ದು. ಟೀಚರಮ್ಮ ಅದರ ಮೆಟ್ಟಿಲು ನೋಡಿಯೇ ತಿರುಗಿ ಬಂದಳು. ಗಂಡ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಆ ಮಧ್ಯಾಹ್ನದಿಂದ ಅವನು ಗೇರಿನ ಮಾತೇ ಎತ್ತಿರಲಿಲ್ಲ, ಯಂತ್ರದ ಮೇಲೆ ಮಲಗು ಅಂದರೆ ನಾಳೆ ಅನ್ನುತ್ತಿದ್ದ. ಸಂಜೆ ಅವಳು ಟೇಪು ಸುತ್ತಿಡುವಾಗ ಅವನು ಹೇಳಿದ:

"ನೀನು ಮಂಚಕ್ಕೆ ಮನೆ ಹುಡುಕ್ತಿದ್ದೀಯ. ಮನುಷ್ಯರಿಗಲ್ಲ."

"ಮಂಚ ಇಲ್ದೆ ನೀವು ಏಳ್ತಿದ್ರಾ?"

"ಅದರಿಂದ ಎದ್ದೆ, ಸರಿ. ಈಗ ಅದರಿಂದ ಇಳಿಯೋದು ಹೇಳಿಕೊಡು. ನನಗೆ ಬಾತ್‌ರೂಮಿಗೆ ಹೋಗೋಕೂ ಭಯ ಕಣೆ. ಬಿದ್ರೆ ಅಲ್ಲೇ ಇರ್ತೀನಿ, ಯಾರಾದ್ರೂ ಕೂಗಿದ್ರೂ ಮಾತಾಡಲ್ಲ. ಅದು ನನಗೆ ಗೊತ್ತಾಗಿಹೋಯ್ತು."

ಇಷ್ಟು ವರ್ಷದಲ್ಲಿ ಅವನು ಭಯ ಅನ್ನುವ ಮಾತನ್ನು ತನ್ನ ಬಗ್ಗೆ ಆಡಿದ್ದು ಅದೇ ಮೊದಲು. ಟೀಚರಮ್ಮ ಮಾರನೆಯ ಬೆಳಿಗ್ಗೆ ತಲೆ ಬಾಚಿಕೊಂಡು ನೆಟ್ಟಗೆ ನಾದಿನಿ ಪಾಠ ಮಾಡುವ ಹಾಲಿಗೆ ಹೋದಳು. ಚಾಪೆಗಳ ಮೇಲೆ ಹೆಂಗಸರು ಮಗುಚಿ ಬಿದ್ದ ಜಿರಳೆಗಳ ಹಾಗೆ ಕಾಲು ಮೇಲೆ ಮಾಡಿ ಉಸಿರು ಬಿಡುತ್ತಿದ್ದರು. ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ತಾನೂ ಒಂದು ಚಾಪೆಯ ಮೇಲೆ ಮಲಗಿದಳು. ನಾದಿನಿ ನೋಡಿಯೂ ನೋಡದವಳಂತೆ ಪಾಠ ಮುಂದುವರಿಸಿದಳು. ಮಲಗಿದಲ್ಲಿಂದ ಬೆನ್ನುಮೂಳೆಯನ್ನು ಒಂದೊಂದೇ ಮಣಿಯಾಗಿ ನೆಲದಿಂದ ಬಿಡಿಸುತ್ತ ಎದ್ದು ಕೂರಿ ಅಂದಾಗ, ಟೀಚರಮ್ಮ ಅರ್ಧಕ್ಕೆ ಎದ್ದು ಅಲ್ಲೇ ಸಿಕ್ಕಿಕೊಂಡಳು. ಸ್ಪ್ರಿಂಗ್ ಹಿಡಿದುಕೊಂಡರೆ ಎಷ್ಟು ಸಲೀಸು, ಇಲ್ಲಿ ಹಿಡಿಯಲು ಗಾಳಿ ಮಾತ್ರ. ಎಷ್ಟೋ ಜನರಿಗೆ ಕಲಿಸಿದ ಹೊಟ್ಟೆ ಅವಳದೇ ಮಾತು ಕೇಳಲಿಲ್ಲ. ಪಕ್ಕದ ಚಾಪೆಯ ಹೆಂಗಸು ನಕ್ಕಳು. ಟೀಚರಮ್ಮನೂ ನಕ್ಕು ಬೆನ್ನಿಗೆ ಬಿದ್ದಳು.

ನಾದಿನಿ ಬಂದು ಅವಳ ಮಂಡಿ ಎರಡನ್ನೂ ಸ್ವಲ್ಪ ಮಡಚಿಸಿದಳು, ಕೈಯನ್ನು ತೊಡೆಯ ಹಿಂದಕ್ಕೆ ಕೊಡಿಸಿದಳು. ಈಗ ಏಳಿ ಅಂದಳು. ಟೀಚರಮ್ಮ ಎದ್ದು ಕೂತಳು. ಕಾಲು ಮಡಚಿದರೆ ಒಂದು ಸ್ಪ್ರಿಂಗ್ ಬಿಚ್ಚಿದ ಹಾಗೆ ಅತ್ತಿಗೆ, ನೀಡಿದರೆ ಒಂದು ಸಿಕ್ಕಿಸಿದ ಹಾಗೆ, ಮೈಯಲ್ಲೇ ಎಲ್ಲ ಬಣ್ಣದ್ದೂ ಇವೆ ಅಂದಳು ನಾದಿನಿ. ಅದು ತನಗೆ ಗೊತ್ತಿಲ್ಲದ್ದೇನೂ ಅಲ್ಲ ಅಂತ ಟೀಚರಮ್ಮನಿಗೆ ಅನ್ನಿಸಿತು. ಗೊತ್ತಿತ್ತು, ನಂಬಿಕೆ ಇರಲಿಲ್ಲ.

ನಾದಿನಿ ಅಣ್ಣನ ಪಾಠಕ್ಕೆ ಒಪ್ಪಿಕೊಂಡಳು, ಒಂದು ಷರತ್ತಿನ ಮೇಲೆ. ಅತ್ತಿಗೆ ಕೋಣೆಯಲ್ಲಿ ಇರಬಹುದು, ಅಣ್ಣನನ್ನು ಮುಟ್ಟುವ ಹಾಗಿಲ್ಲ. ಕುರ್ಚಿಯ ಮೇಲೆ ಕೂತು, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಬೇಕು. ಟೀಚರಮ್ಮ ಮುಖ ಊದಿಸಿಕೊಂಡು ಕೂತಳು. ಮೊದಲು ಕುರ್ಚಿಯಿಂದ ಕೈಯೂರದೆ ಏಳುವುದು. ಆಮೇಲೆ ಗಿಡ್ಡ ಸ್ಟೂಲು. ಆಮೇಲೆ ದಿಂಬುಗಳ ರಾಶಿ. ದಿನ ಕಳೆದಂತೆ ಅದರಿಂದ ಒಂದೊಂದೇ ದಿಂಬು ಕಡಿಮೆ. ಅವನು ವಾಲಿದಾಗೆಲ್ಲ ಕುರ್ಚಿಯ ಮೇಲೆ ಇವಳ ಹೆಗಲೂ ವಾಲುತ್ತಿತ್ತು. ಅತ್ತಿಗೆ, ಕೈ ಅಂತ ನಾದಿನಿ ತಿರುಗದೆಯೇ ಗದರಿಸುವಳು. ಒಂದು ದಿನ ಅವನು ಮಂಡಿಯೂರಿದವನು ಮುಂದಕ್ಕೆ ಬರಲಾಗದೆ, ಹಿಂದಕ್ಕೂ ಹೋಗಲಾಗದೆ, ತಂಗಿಯನ್ನು ಅವಳ ಹುಟ್ಟಿನಿಂದ ಹಿಡಿದು ಬೈದ. ಬೈಯುತ್ತ ಬೈಯುತ್ತ ಹಿಂದಿನ ಕಾಲಿನ ಬೆರಳನ್ನು ನೆಲಕ್ಕೆ ಊರಿಕೊಂಡದ್ದು ಅವನಿಗೇ ತಿಳಿಯಲಿಲ್ಲ. ನೋಡಿ, ಬೈಗುಳಕ್ಕೂ ಹೊಟ್ಟೆಯ ಬಲ ಬೇಕು, ಚೆನ್ನಾಗಿ ಬಂದಿದೆ ಅಂದಳು ತಂಗಿ. ಅದಕ್ಕೆ ಮೂವರೂ ನಕ್ಕರು, ಆದರೆ ಆವತ್ತೂ ಅವನು ಎದ್ದು ನಿಂತದ್ದು ಸ್ಟೂಲು ಹಿಡಿದುಕೊಂಡೇ. ನೆಲದಿಂದ ಏನನ್ನೂ ಹಿಡಿಯದೆ ಏಳುವುದು ಮನೆ ಬಿಡುವ ದಿನ ಹತ್ತಿರ ಬಂದರೂ ಬರಲಿಲ್ಲ.

ಒಂದು ಸಂಜೆ ಪಾಠ ಮುಗಿದ ಮೇಲೆ ನಾದಿನಿ ಲೋಟ ತೊಳೆಯುತ್ತ ತಾನಾಗಿಯೇ ಹೇಳಿದಳು: "ಒಂದು ಮಾತು ಒಪ್ಕೋತೀನಿ ಅತ್ತಿಗೆ. ಆಪರೇಷನ್ ಆದ ಹೊಸತರಲ್ಲಿ ಅಣ್ಣನ್ನ ನನ್ನ ಚಾಪೆಗೆ ಹಾಕಿದ್ರೆ ಇಷ್ಟು ಹೊತ್ತಿಗೆ ಹಾಸಿಗೆಯಲ್ಲೇ ಇರ್ತಿದ್ದ. ಆ ಕಾಲು ತಿರುಗೋದನ್ನ ಕಲಿತದ್ದು ನಿಮ್ಮ ಪಟ್ಟಿಯಲ್ಲೇ."

"ಅಲ್ಲಿಗೇ ನಿಲ್ಲಿಸಿಬಿಟ್ಟೆನಲ್ಲ ನಾನು," ಅಂದಳು ಟೀಚರಮ್ಮ.

ನಾದಿನಿಯ ಕಟ್ಟಡದ ಮಹಡಿ ಮನೆಗೇ ಅಡ್ವಾನ್ಸ್ ಕೊಟ್ಟರು. ಯಂತ್ರ ಎಲ್ಲಿಗೆ ಅನ್ನುವ ಮಾತು ಬಂದಾಗ, ಹಾಲಿನ ಹಿಂದಿನ ಮೂಲೆ ಖಾಲಿ ಇದೆ, ಬೇಕಾದರೆ ತಂದು ಇಡಿ, ಒದ್ದೆ ಟವೆಲ್ ಒಣಹಾಕೋಕಾದರೂ ಆಗುತ್ತೆ ಅಂದಳು ನಾದಿನಿ. ಟವೆಲ್ ಹಾಕಿದ ದಿನ ನಿನ್ನ ಕೈ ಮುರೀತೀನಿ ಅಂದಳು ಅತ್ತಿಗೆ. ಹೊತ್ತೊಯ್ಯಲು ಬಂದ ಡಿಪೋದ ಗೆಳೆಯರಿಗೆ ಈಗ ತಲೆ ನರೆತಿತ್ತು. ಬಾಗಿಲ ಚೌಕಟ್ಟನ್ನು ಮತ್ತೆ ಕಳಚಬೇಕಾಯಿತು. ಹೇಗೂ ಕೆಡವುವ ಮನೆ ಅಂತ ಯಾರೂ ಅದನ್ನು ವಾಪಸು ಕೂರಿಸಲಿಲ್ಲ. ಯಂತ್ರ ಎದ್ದ ಜಾಗದಲ್ಲಿ ನೆಲ ನಾಲ್ಕು ಕಡೆ ಕುಳಿ ಬಿದ್ದಿತ್ತು. ಮಹಡಿ ಅಜ್ಜಿ ಮೆಟ್ಟಿಲಿಳಿದು ಬಂದು, ಬೀದಿಗಿಟ್ಟ ಯಂತ್ರವನ್ನು ಸುತ್ತು ಹಾಕಿ ನೋಡಿ, ಇಷ್ಟೇನಾ ಅಂತ ಬೇಜಾರು ಮಾಡಿಕೊಂಡಳು.

ಕೊನೆಯ ದಿನ ಬೆಳಿಗ್ಗೆ ಸಾಮಾನಿನ ಗಾಡಿ ಹೊರಟಿತು, ಜೊತೆಗೆ ನಾದಿನಿ. ಗಂಡ ಹೆಂಡತಿ ಇಬ್ಬರೇ ಉಳಿದರು, ಓನರ್ ಬಂದು ಬೀಗದಕೈ ತೆಗೆದುಕೊಳ್ಳುವವರೆಗೆ ಕಾಯಬೇಕು. ಅವಳು ಒಳಗೆ ಹೋಗಿ ನಲ್ಲಿ ಸರಿಯಾಗಿ ತಿರುಗಿಸಿದೆಯಾ, ಕಿಟಕಿ ಹಾಕಿದೆಯಾ ಅಂತ ನೋಡಿದಳು. ಬರಿಯ ಕೋಣೆಗಳಲ್ಲಿ ಅವಳ ಹೆಜ್ಜೆ ಬೇರೆ ಯಾರದೋ ಹಾಗೆ ಕೇಳುತ್ತಿತ್ತು. ತಿರುಗಿ ಬಂದು ನೋಡಿದರೆ ಗಂಡ ಮುಂದಿನ ಕೋಣೆಯ ನಡುಮಧ್ಯೆ ನೆಲದ ಮೇಲೆ ಕೂತಿದ್ದಾನೆ.

ಬಿದ್ದಿರಾ ಅಂದಳು. ಇಲ್ಲ, ಕೂತೆ ಅಂದ. ನಿಂತು ನಿಂತು ಕಾಲು ಸೋತಿತು, ಕೂರೋಕೆ ಏನೂ ಕಾಣಲಿಲ್ಲ, ಯೋಚನೆ ಮಾಡದೆ ಕೂತುಬಿಟ್ಟೆ ಅಂದ. ಹೇಳಿದ ಮೇಲೆ ತಾನು ಎಲ್ಲಿ ಕೂತಿದ್ದೇನೆ ಅನ್ನುವುದು ಅವನಿಗೂ ಹೊಳೆಯಿತು. ಸುತ್ತ ನೋಡಿದ. ಕುರ್ಚಿ ಇಲ್ಲ, ಸ್ಟೂಲು ಇಲ್ಲ, ಗೋಡೆ ಕೈಗೆಟುಕದಷ್ಟು ದೂರ. ಹೊರಗೆ ಓನರರ ಸ್ಕೂಟರು ನಿಂತ ಸದ್ದಾಯಿತು. ಟೀಚರಮ್ಮ ಸರಸರ ಬಂದು ಕೈ ಚಾಚಿದಳು.

"ಅಲ್ಲೇ ಇರು," ಅಂದ ಅವನು.

ಅವಳು ನಿಂತಳು. ಕೈಗೆ ಎಲ್ಲೂ ಜಾಗ ಸಿಗದೆ ಸೆರಗನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವನು ಪಕ್ಕಕ್ಕೆ ಹೊರಳಿ ಅಂಗೈ ಊರಿದ, ಮಂಡಿಗೆ ಬಂದ. ಒಳ್ಳೆಯ ಕಾಲನ್ನು ಮುಂದಕ್ಕೆ ತಂದು ಮೇಲೇಳಲು ನೋಡಿದ. ಅರ್ಧಕ್ಕೆ ಬಂದು, ತೂಗಿ, ಮತ್ತೆ ಮಂಡಿಗೆ ಬಿದ್ದ. ಮಂಡಿ ನೆಲಕ್ಕೆ ತಾಗಿದ ಸದ್ದು ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ಅವಳ ಬಾಯಿಯವರೆಗೆ ಮಾತು ಬಂತು, ಹಿಂದಿನ ಬೆರಳು ಊರಿ ಅಂತ. ನಾಲಿಗೆ ಕಚ್ಚಿಕೊಂಡಳು. ಓನರ್ ಬಾಗಿಲಲ್ಲಿ ಕಾಣಿಸಿಕೊಂಡವರು, ಅಯ್ಯೋ ಡ್ರೈವರೇ, ತಡೀರಿ ಅಂತ ಒಳಗೆ ಬರಹೋದರು. ಅವಳು ಅವರತ್ತ ಒಂದು ನೋಟ ನೋಡಿದಳಷ್ಟೇ, ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಅವನು ಇಬ್ಬರನ್ನೂ ನೋಡಲಿಲ್ಲ. ಉಸಿರು ತೆಗೆದುಕೊಂಡ, ಬಿಟ್ಟ. ಈ ಸಲ ಒಳ್ಳೆಯ ಕಾಲನ್ನಲ್ಲ, ಮುರಿದಿದ್ದ ಕಾಲನ್ನೇ ಮುಂದಕ್ಕೆ ತಂದ. ಅತ್ತಿಗೆ ನಾದಿನಿ ಇಬ್ಬರಲ್ಲಿ ಯಾರೂ ಅದನ್ನು ಹಾಗೆ ಕಲಿಸಿರಲಿಲ್ಲ. ಎರಡೂ ಕೈಯನ್ನು ಆ ತೊಡೆಯ ಮೇಲೆ ಊರಿ, ಹಲ್ಲು ಕಚ್ಚಿ, ಎಡಕ್ಕೊಂದು ಸಲ ಬಲಕ್ಕೊಂದು ಸಲ ಓಲಾಡಿ, ಯಾವ ಪುಸ್ತಕದಲ್ಲೂ ಇಲ್ಲದ ಸೊಟ್ಟ ರೀತಿಯಲ್ಲಿ ಎದ್ದು ನಿಂತ. ಪ್ಯಾಂಟಿನ ಧೂಳು ಕೊಡವಿಕೊಂಡ. ಓನರರಿಗೆ ನಮಸ್ಕಾರ ಅಂದು, ಅವರ ಪಕ್ಕದಿಂದ ಹಾದು ಬೀದಿಗೆ ಇಳಿದ.

ಟೀಚರಮ್ಮ ಮುಷ್ಟಿ ಬಿಡಿಸಿದಳು. ಸೆರಗು ಬೆವರಿನಿಂದ ಒದ್ದೆಯಾಗಿತ್ತು. ಬೀಗದಕೈಯನ್ನು ಓನರರ ಕೈಗೆ ಕೊಟ್ಟಳು. ಅವರು ಏನೋ ಹೇಳುತ್ತಿದ್ದರು, ಮನೆ ಚೆನ್ನಾಗಿ ಇಟ್ಟುಕೊಂಡಿದ್ದಿರಿ ಅಂತಲೋ ಏನೋ, ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಅವನು ಆಗಲೇ ಬೀದಿಯ ತಿರುವಿನ ಹತ್ತಿರ ಇದ್ದ, ಒಂದು ಪಕ್ಕಕ್ಕೆ ತುಸು ವಾಲುತ್ತ, ತಾನೇ ಸರಿಮಾಡಿಕೊಳ್ಳುತ್ತ ನಡೆಯುತ್ತಿದ್ದ. ಓಡಿಹೋಗಿ ಪಕ್ಕಕ್ಕೆ ಸೇರಿಕೊಳ್ಳಬಹುದಿತ್ತು. ಅವಳು ಹಿಂದೆಯೇ, ನಿಧಾನವಾಗಿ ಹೊರಟಳು.